ಬಟ್ಟಲು ಮೊದಲು ಬಂತು, ಟೀ ಆಮೇಲೆ

(ಮಂಡ್ಯ ಬಳಿಯ ಹನಕೆರೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಅಚ್ಚಿನ ರೂಪ)



ಚೀನಾದ ಹಳೆಯ ಟೀ ಪಾತ್ರೆಗಳ ಬಗ್ಗೆ ಮಾತಾಡುತ್ತೇನೆ ಎಂದು ತಿಳಿಸಿದಾಗ, ಕಬ್ಬು ಭತ್ತ ಬೆಳೆಯೋ ಸೀಮೆಗೂ ಅದಕ್ಕೂ ಏನು ಸಂಬಂಧ ಎಂದು ಕೆಲವರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಸಂಬಂಧ ಇದೆ, ಹತ್ತಿರದ್ದೇ ಇದೆ, ಅಲ್ಲಿಗೆ ಬರುತ್ತೇನೆ. ಅದಕ್ಕೆ ಮೊದಲು ಒಂದು ಮಾತು. ಹಳೆಯ ಬಟ್ಟಲೊಂದು ಕೈಗೆ ಸಿಕ್ಕರೆ ನಾವು ಅದರ ವಯಸ್ಸು ಕೇಳುತ್ತೇವೆ, ಕೂಡಲೇ ಬೆಲೆ ಕೇಳುತ್ತೇವೆ. ಅದರಲ್ಲಿ ಏನು ಕುಡಿದರು, ಹೇಗೆ ಕಾಯಿಸಿ ಕುಡಿದರು, ಯಾರ ಪಕ್ಕ ಕೂತು ಕುಡಿದರು ಎಂದು ಕೇಳುವವರು ಕಡಿಮೆ. ಇವನ್ನು ಕೇಳದೆ ಬಟ್ಟಲು ಅರ್ಥವಾಗುವುದಿಲ್ಲ ಎಂದು ನಾನು ನಂಬಿದ್ದೇನೆ. ಚೀನಾದ ಬಟ್ಟಲಿಗೂ ಈ ಮಾತು ಸಲ್ಲುತ್ತದೆ, ನಮ್ಮ ರಸ್ತೆ ಬದಿಯ ಟೀ ಗ್ಲಾಸಿಗೂ ಸಲ್ಲುತ್ತದೆ.

ಸಾವಿರದ ಇನ್ನೂರು ವರ್ಷದ ಹಿಂದೆ ಚೀನಾದಲ್ಲಿ ಟೀ ಎಂದರೆ ಈಗಿನ ಟೀ ಆಗಿರಲಿಲ್ಲ. ಎಲೆಯನ್ನು ಹಬೆಯಲ್ಲಿ ಬೇಯಿಸಿ, ಕುಟ್ಟಿ, ಅಚ್ಚಿಗೆ ಹಾಕಿ ಬಿಲ್ಲೆ ಮಾಡಿ ಒಣಗಿಸಿಡುತ್ತಿದ್ದರು. ಕುಡಿಯಬೇಕೆನಿಸಿದಾಗ ಬಿಲ್ಲೆಯನ್ನು ಬೆಂಕಿಯಲ್ಲಿ ಬಾಡಿಸಿ, ಪುಡಿ ಮಾಡಿ, ಜರಡಿ ಹಿಡಿದು, ಕುದಿಯುವ ನೀರಿಗೆ ಚಿಟಿಕೆ ಉಪ್ಪಿನೊಂದಿಗೆ ಹಾಕುತ್ತಿದ್ದರು. ಆ ಕಾಲದ ಲು ಯು ಎಂಬಾತ ಟೀ ಕುರಿತು 'ಚಾ ಜಿಂಗ್' ಎಂಬ ಗ್ರಂಥ ಬರೆದ. ಟೀಗೆಂದೇ ಬರೆದ ಮೊದಲ ಗ್ರಂಥ ಅದು. ಅದರಲ್ಲಿ ಅವನು ಯಾವ ಊರಿನ ಬಟ್ಟಲು ಮೇಲು ಎಂದು ತೂಗಿ ನೋಡುತ್ತಾನೆ. ಉತ್ತರದ ಶಿಂಗ್ ಆವಿಗೆಯ ಬಟ್ಟಲು ಬೆಳ್ಳಗೆ, ನುಣ್ಣಗೆ ಇತ್ತು. ದಕ್ಷಿಣದ ಯುವೆ ಆವಿಗೆಯ ಬಟ್ಟಲಿಗೆ ಹಸಿರು ಛಾಯೆ ಇತ್ತು. ಜನ ಬಿಳಿಯದನ್ನು ಹೊಗಳುತ್ತಿದ್ದರು. ಲು ಯು ಒಪ್ಪಲಿಲ್ಲ. ಬಿಳಿ ಬಟ್ಟಲಿನಲ್ಲಿ ಟೀ ಕೆಂಪಾಗಿ ಕಾಣುತ್ತದೆ, ಹಸಿರು ಬಟ್ಟಲಿನಲ್ಲಿ ಹಸಿರಾಗಿ ಕಾಣುತ್ತದೆ, ಆದ್ದರಿಂದ ಹಸಿರೇ ಮೇಲು ಎಂದ. ಬಟ್ಟಲಿನ ಅಂದವನ್ನು ಬಟ್ಟಲಿನಿಂದ ಅಳೆಯದೆ ಅದರೊಳಗಿನ ಟೀಯಿಂದ ಅಳೆದ ಬರಹ ಇದು. ಮುಂದಿನ ನೂರಾರು ವರ್ಷ ಚೀನಾದ ಕುಂಬಾರರು ನಡೆದದ್ದು ಈ ದಾರಿಯಲ್ಲೇ.

1987ರಲ್ಲಿ ಷಾನ್‌ಷಿ ಪ್ರಾಂತ್ಯದ ಫಾಮೆನ್ ದೇವಾಲಯದ ನೆಲಮಾಳಿಗೆ ತೆರೆದಾಗ ಅರಮನೆಯ ಟೀ ಸಾಮಾನೇ ಸಿಕ್ಕಿತು. 874ರಲ್ಲಿ ಮುಚ್ಚಿದ ಬಾಗಿಲು ಅದು. ಚಿನ್ನದ ಲೇಪದ ಬೆಳ್ಳಿಯ ಅರೆಯುವ ಚಕ್ರ, ಬಿಲ್ಲೆ ಇಡುವ ಬುಟ್ಟಿ, ಜರಡಿ, ಉಪ್ಪಿನ ಬಟ್ಟಲು, ಎಲ್ಲ ಒಂದೇ ಕಡೆ. ಅವುಗಳ ನಡುವೆ ತಿಳಿಹಳದಿ ಗಾಜಿನ ಒಂದು ಬಟ್ಟಲೂ ಅದರ ಅಡಿತಟ್ಟೆಯೂ ಇದ್ದವು. ಆಗ ಚೀನಾದಲ್ಲಿ ಗಾಜು ಅಪರೂಪದ ವಸ್ತು, ಬುದ್ಧನಿಗೆ ಚಕ್ರವರ್ತಿ ಒಪ್ಪಿಸುವಷ್ಟು ದೊಡ್ಡ ವಸ್ತು. ಗಾಜಿನಲ್ಲಿ ಟೀ ಕುಡಿಯುವುದು ಬಡವರ ಪದ್ಧತಿ ಎಂದು ತಿಳಿದವರು ಈ ಬಟ್ಟಲನ್ನು ನೆನಪಿಟ್ಟುಕೊಳ್ಳಬೇಕು.

ಇನ್ನು ನನಗೆ ಎಲ್ಲಕ್ಕಿಂತ ಇಷ್ಟವಾದ ಪಾತ್ರೆಯ ವಿಷಯ. ಸೋಂಗ್ ದೊರೆಗಳ ಕಾಲಕ್ಕೆ, ಅಂದರೆ ನಮ್ಮಲ್ಲಿ ಕಲ್ಯಾಣದ ಚಾಲುಕ್ಯರೂ ಹೊಯ್ಸಳರೂ ಆಳುತ್ತಿದ್ದ ಹೊತ್ತಿಗೆ, ಟೀ ಮಾಡುವ ಬಗೆ ಬದಲಾಯಿತು. ಪುಡಿಯನ್ನು ಕುದಿಸುವುದು ಬಿಟ್ಟರು. ನುಣ್ಣನೆಯ ಪುಡಿಯನ್ನು ಬಟ್ಟಲಿಗೇ ಹಾಕಿ, ಬಿಸಿನೀರು ಹೊಯ್ದು, ಬಿದಿರಿನ ಕಡ್ಡಿಗಳ ಕುಂಚದಲ್ಲಿ ಕಡೆದು ನೊರೆ ಎಬ್ಬಿಸುತ್ತಿದ್ದರು. ನೊರೆ ಬೆಳ್ಳಗಿರಬೇಕು, ದಟ್ಟವಾಗಿರಬೇಕು, ಬೇಗ ಒಡೆಯಬಾರದು. ಯಾರ ನೊರೆ ಹೆಚ್ಚು ಹೊತ್ತು ನಿಲ್ಲುತ್ತದೆ ಎಂದು ಪಂದ್ಯ ಕಟ್ಟುತ್ತಿದ್ದರು. ಬಿಳಿ ನೊರೆ ಎದ್ದು ಕಾಣಬೇಕಾದರೆ ಬಟ್ಟಲು ಯಾವ ಬಣ್ಣದ್ದಿರಬೇಕು? ಕಪ್ಪು. ಲು ಯು ಹೇಳಿದ ಹಸಿರು ಬಟ್ಟಲು ಹಿಂದೆ ಸರಿಯಿತು. ಫೂಜಿಯಾನ್ ಪ್ರಾಂತ್ಯದ ಜಿಯಾನ್ ಆವಿಗೆಗಳ ಕಪ್ಪು ಬಟ್ಟಲು ಮುಂದೆ ಬಂತು. ಹುಯಿಝೋಂಗ್ ಎಂಬ ಚಕ್ರವರ್ತಿ 1107ರಲ್ಲಿ ಟೀ ಕುರಿತು ತಾನೇ ಒಂದು ಪುಸ್ತಕ ಬರೆದು, ಮೊಲದ ತುಪ್ಪಳದಂಥ ಗೆರೆಗಳಿರುವ ಕಪ್ಪು ಬಟ್ಟಲೇ ಶ್ರೇಷ್ಠ ಎಂದು ಬರೆದಿಟ್ಟ.

ಈ ಬಟ್ಟಲನ್ನು ಹತ್ತಿರದಿಂದ ನೋಡೋಣ. ಅಂಗೈಯಲ್ಲಿ ಕೂರುವಷ್ಟೇ ಗಾತ್ರ, ಆದರೆ ಎತ್ತಿದರೆ ಅಂದಾಜಿಗಿಂತ ಭಾರ. ಗೋಡೆ ದಪ್ಪ. ಕಡೆಯುವಾಗ ಟೀ ಆರಬಾರದು, ಅದಕ್ಕೆ ದಪ್ಪ. ಕಡೆಯುವ ಮುಂಚೆ ಬಟ್ಟಲನ್ನೇ ಬಿಸಿ ಮಾಡಿಕೊಳ್ಳುತ್ತಿದ್ದರು. ಬಾಯಿಯ ಅಂಚಿನ ಕೆಳಗೆ ಸುತ್ತಲೂ ತೆಳುವಾದ ಒಂದು ತಗ್ಗು. ಬೆರಳಿಗೆ ಹಿಡಿತ ಸಿಗುವುದೂ ಅಲ್ಲಿಯೇ, ನೀರು ಎಷ್ಟು ಹೊಯ್ಯಬೇಕು ಎಂಬ ಅಳತೆ ಸಿಗುವುದೂ ಅಲ್ಲಿಯೇ. ಮಣ್ಣಿನಲ್ಲೂ ಮೆರುಗಿನಲ್ಲೂ ಕಬ್ಬಿಣದ ಅಂಶ ಹೆಚ್ಚು. ಗುಡ್ಡದ ಇಳಿಜಾರಿನುದ್ದಕ್ಕೂ ಕಟ್ಟಿದ, ಒಂದೊಂದು ನೂರು ಮೀಟರಿಗೂ ಹೆಚ್ಚು ಉದ್ದವಿದ್ದ ಆವಿಗೆಗಳಲ್ಲಿ 1300 ಡಿಗ್ರಿಯ ಸುತ್ತಿನ ಶಾಖ ತಗಲಿದಾಗ ಮೆರುಗು ಕರಗಿ ಕೆಳಕ್ಕೆ ಹರಿಯುತ್ತದೆ, ಅದರೊಳಗಿನ ಕಬ್ಬಿಣ ಗೆರೆಗೆರೆಯಾಗಿ ಬೇರೆಯಾಗುತ್ತದೆ. ಕುಂಬಾರ ಬರೆದ ಗೆರೆ ಅಲ್ಲ ಅದು, ಬೆಂಕಿ ಬರೆದದ್ದು. ಹರಿದು ಬಂದ ಮೆರುಗು ಪಾದದ ಮೇಲ್ಗಡೆ ದಪ್ಪ ಹನಿಯಾಗಿ ನಿಂತುಬಿಡುತ್ತದೆ. ಅದರ ಕೆಳಗೆ ಒರಟು ಮಣ್ಣು, ಮೆರುಗಿಲ್ಲದ ಬರೀ ಮಣ್ಣು. ಮೆರುಗು ಇನ್ನೊಂದು ಬೆರಳಷ್ಟು ಹರಿದಿದ್ದರೆ ಬಟ್ಟಲು ಆವಿಗೆಗೆ ಅಂಟಿ ಹಾಳಾಗುತ್ತಿತ್ತು. ಅಲ್ಲಿಗೇ ನಿಲ್ಲುವಂತೆ ಹದ ಹಿಡಿದ ಕುಂಬಾರನ ಹೆಸರು ನಮಗೆ ಗೊತ್ತಿಲ್ಲ. ಹೊಗಳಿದ ಚಕ್ರವರ್ತಿಯ ಹೆಸರು ಗೊತ್ತಿದೆ.

ಇಂಥ ಬಟ್ಟಲಿನ ಕಾಲವೂ ಮುಗಿಯಿತು. 1391ರಲ್ಲಿ ಮಿಂಗ್ ವಂಶದ ಮೊದಲ ದೊರೆ, ಬಡ ರೈತನ ಮಗನಾಗಿ ಹುಟ್ಟಿದವನು, ಅರಮನೆಗೆ ಬಿಲ್ಲೆ ಟೀ ಕಪ್ಪವಾಗಿ ಕೊಡುವ ಪದ್ಧತಿ ನಿಲ್ಲಿಸಿದ. ಬಿಲ್ಲೆ ಮಾಡುವುದು ಜನರಿಗೆ ಹೊರೆ, ಬಿಡಿ ಎಲೆಯೇ ಸಾಕು ಎಂದ. ಬಿಡಿ ಎಲೆಗೆ ಬಿಸಿನೀರು ಹಾಕಿ ನೆನೆಸಿ ಬಸಿಯುವ ಪದ್ಧತಿಗೆ ಅರಮನೆಯ ಒಪ್ಪಿಗೆ ಸಿಕ್ಕಿತು. ಕಡೆಯುವುದಿಲ್ಲ ಎಂದ ಮೇಲೆ ನೊರೆ ಇಲ್ಲ, ನೊರೆ ಇಲ್ಲದ ಮೇಲೆ ಕಪ್ಪು ಬಟ್ಟಲಿನ ಅಗತ್ಯ ಇಲ್ಲ. ತಿಳಿ ಬಣ್ಣ ಕಾಣಲು ಜಿಂಗ್‌ಡೆಝೆನ್‌ನ ಬಿಳಿ ಪಿಂಗಾಣಿ ಬೇಕು, ನೆನೆಸಲು ಮುಚ್ಚಳವಿರುವ ಪಾತ್ರೆ ಬೇಕು. ಹೀಗೆ ಟೀ ಗಿಂಡಿ ಮುಂದೆ ಬಂತು.

ಆ ಗಿಂಡಿಗೆ ಹೆಸರಾದ ಊರು ಯಿಶಿಂಗ್. ಅಲ್ಲಿನ ಮಣ್ಣು ಕೆರೆಯಂಗಳದ ಜೇಡಿಯಂಥದ್ದಲ್ಲ. ಕಲ್ಲಿನಂತೆ ಗಟ್ಟಿಯಾಗಿರುವುದನ್ನು ಅಗೆದು, ಬಿಸಿಲು ಮಳೆಗೆ ಬಿಟ್ಟು, ಪುಡಿ ಮಾಡಿ, ಜರಡಿ ಹಿಡಿದು ಹದಕ್ಕೆ ತರುತ್ತಾರೆ. ನಮ್ಮ ಕುಂಬಾರರು ತಿಗರಿಯ ಮೇಲೆ ಎತ್ತಿ ಆಮೇಲೆ ತಟ್ಟಿ ಹಿಗ್ಗಿಸುತ್ತಾರೆ. ಅಲ್ಲಿನ ಸಂಪ್ರದಾಯದಲ್ಲಿ ತಿಗರಿಯಲ್ಲಿ ಎತ್ತುವುದೇ ಇಲ್ಲ. ಮರದ ಕೊಡತಿಯಿಂದ ಮಣ್ಣನ್ನು ಹಾಳೆಯಂತೆ ತಟ್ಟಿ, ಕೊಯ್ದು, ಸುತ್ತಿ, ಕೂಡಿಸುತ್ತಾರೆ. ಮೆರುಗು ಹಚ್ಚುವುದಿಲ್ಲ. ಸುಟ್ಟ ಮೇಲೂ ಅದರಲ್ಲಿ ಕಣ್ಣಿಗೆ ಕಾಣದ ರಂಧ್ರಗಳು ಉಳಿಯುತ್ತವೆ. ವರ್ಷಾನುಗಟ್ಟಲೆ ಕುಡಿದ ಟೀ ಮೈಗೆ ಹಿಡಿದು ಒಂದು ಹೊಳಪು ಬರುತ್ತದೆ. ಆದ್ದರಿಂದಲೇ ಅದನ್ನು ಸೋಪು ಹಾಕಿ ತೊಳೆಯುವುದಿಲ್ಲ, ಒಂದು ಗಿಂಡಿಗೆ ಒಂದೇ ಬಗೆಯ ಟೀ. ನಮ್ಮ ಮಡಕೆ ಸಾರಿನ ರುಚಿ ಹಿಡಿಯುವುದನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯಿಶಿಂಗ್‌ನಲ್ಲಿ ಇನ್ನೊಂದು ದೊಡ್ಡ ಸಂಗತಿ ನಡೆಯಿತು, ಕುಂಬಾರನಿಗೆ ಹೆಸರು ಬಂತು. 1768ರಲ್ಲಿ ಹುಟ್ಟಿದ ಚೆನ್ ಹೋಂಗ್‌ಷೌ ಕವಿ, ಲಿಪಿಕಾರ, ಯಿಶಿಂಗ್ ಪಕ್ಕದ ಸೀಮೆಯ ಅಧಿಕಾರಿ. ಅವನು ಗಿಂಡಿಯ ಆಕಾರ ಬರೆದುಕೊಟ್ಟ, ಯಾಂಗ್ ಪೆಂಗ್‌ನಿಯಾನ್ ಎಂಬ ಕುಂಬಾರ ಮಾಡಿದ. ಅವರ ಗಿಂಡಿಗಳ ತಳದಲ್ಲಿ ಅಧಿಕಾರಿಯ ಮುದ್ರೆ, ಹಿಡಿಯ ಕೆಳಗೆ ಕುಂಬಾರನ ಮುದ್ರೆ. ಒಂದೇ ಪಾತ್ರೆಯ ಮೇಲೆ ಇಬ್ಬರ ಹೆಸರು. ಕುಂಬಾರ ಗುಂಡಯ್ಯನಂಥ ಶರಣ ಹುಟ್ಟಿದ ನಾಡು ನಮ್ಮದು. ಆದರೂ ನಮ್ಮ ಮಡಕೆಯ ಮೇಲೆ ಮಾಡಿದವನ ಹೆಸರು ಎಂದೂ ಬರಲಿಲ್ಲ. ಇದು ನನ್ನನ್ನು ಬಹಳ ಕಾಡಿದೆ.

ಹೆಸರಿಗೆ ಬೆಲೆ ಬಂದರೆ ಕಳ್ಳ ಹೆಸರೂ ಬರುತ್ತದೆ. 1930ರ ದಶಕದಲ್ಲಿ ಶಾಂಘೈನ ಹಳೆ ಸಾಮಾನಿನ ವ್ಯಾಪಾರಿಗಳು ಯಿಶಿಂಗ್‌ನ ನಿಪುಣ ಕುಂಬಾರರನ್ನು ಕರೆಸಿ, ಹಿಂದಿನ ಗುರುಗಳ ಗಿಂಡಿಗಳ ನಕಲು ಮಾಡಿಸಿದರು. ಮುಂದೆ 20ನೇ ಶತಮಾನದ ದೊಡ್ಡ ಗಿಂಡಿಕಾರ ಎನಿಸಿಕೊಂಡ ಗು ಜಿಂಗ್‌ಝೌ ಕೂಡ ಆಗ ಆ ಕೆಲಸ ಮಾಡಿದವರಲ್ಲಿ ಒಬ್ಬರು. ಅಂಥವರ ಕೈಯ ನಕಲನ್ನು ಪತ್ತೆ ಮಾಡುವುದು ಪಂಡಿತರಿಗೂ ಕಷ್ಟ. ಆದ್ದರಿಂದ ಯಾರಾದರೂ ಮುದ್ರೆ ತೋರಿಸಿ ಹಳೆಯ ಗಿಂಡಿ ಎಂದು ಮಾರಲು ಬಂದರೆ ಮುದ್ರೆಯನ್ನು ಕಡೆಗೆ ನೋಡಿ. ಮುಚ್ಚಳ ಎಷ್ಟು ಬಿಗಿಯಾಗಿ ಕೂರುತ್ತದೆ, ಮುಚ್ಚಳದ ತೂತಿಗೆ ಬೆರಳಿಟ್ಟರೆ ಮೂತಿಯಿಂದ ನೀರು ನಿಲ್ಲುತ್ತದೆಯೇ, ಬಗ್ಗಿಸಿದಾಗ ಧಾರೆ ಚೆದುರದೆ ಬೀಳುತ್ತದೆಯೇ, ಇವನ್ನು ಮೊದಲು ನೋಡಿ. ಹಳೆಯದೋ ಹೊಸದೋ ಆಮೇಲಿನ ಮಾತು, ಒಳ್ಳೆಯ ಗಿಂಡಿಯೋ ಅಲ್ಲವೋ ಅಷ್ಟರಲ್ಲೇ ಗೊತ್ತಾಗುತ್ತದೆ.

2014ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್‌ನ ಹರಾಜಿನಲ್ಲಿ ಎಂಟು ಸೆಂಟಿಮೀಟರ್ ಅಗಲದ ಒಂದು ಪುಟ್ಟ ಬಟ್ಟಲು 28 ಕೋಟಿ ಹಾಂಗ್‌ಕಾಂಗ್ ಡಾಲರಿಗೂ ಮೇಲ್ಪಟ್ಟ ಬೆಲೆಗೆ ಹೋಯಿತು. ಕೋಳಿ, ಹುಂಜ, ಮರಿಗಳ ಚಿತ್ರವಿರುವ, ಚೆಂಗ್‌ಹುವಾ ದೊರೆಯ ಕಾಲದ, ಅಂದರೆ 1465ರಿಂದ 1487ರ ನಡುವಿನ ಬಟ್ಟಲು. ಕೊಂಡ ಲಿಯು ಯಿಚಿಯಾನ್ ಎಂಬ ಶ್ರೀಮಂತ ಅದರಲ್ಲಿ ಟೀ ಕುಡಿಯುತ್ತಿರುವ ಚಿತ್ರ ಜಗತ್ತಿಗೆಲ್ಲ ಹರಡಿತು. ಹಲವರು ಬೈದರು. ನನಗೆ ಬೇರೆಯದೇ ತೋರಿತು. ಆ ಬಟ್ಟಲು ಮಾಡಿದ್ದು ಮದ್ಯ ಕುಡಿಯಲು, ಟೀಗಲ್ಲ. ಜಗತ್ತಿನ ಅತಿ ದುಬಾರಿ ಟೀ ಬಟ್ಟಲು ಎಂದು ಹೆಸರಾದದ್ದು ಟೀ ಬಟ್ಟಲೇ ಅಲ್ಲ. ಬೆಲೆ ಗೊತ್ತಿದ್ದು ಬಳಕೆ ಗೊತ್ತಿಲ್ಲದಿದ್ದರೆ ಹೀಗಾಗುತ್ತದೆ. ಆದರೂ ಗಾಜಿನ ಪೆಟ್ಟಿಗೆಯಲ್ಲಿ ಕೂಡಿಹಾಕುವುದಕ್ಕಿಂತ ತುಟಿಗೆ ಮುಟ್ಟಿಸಿದ್ದು ಮೇಲು ಎಂದೇ ನನ್ನ ಅಭಿಪ್ರಾಯ.

ಇನ್ನು ನಮ್ಮ ನಾಡಿಗೆ ಬರೋಣ. ಇಲ್ಲಿ ನಡೆದದ್ದು ವಿಚಿತ್ರ. ಚೀನಾದ ಬಟ್ಟಲು ನಮ್ಮಲ್ಲಿಗೆ ಟೀಗಿಂತ ನಾಲ್ಕೈದು ನೂರು ವರ್ಷ ಮೊದಲೇ ಬಂತು.

14ನೇ ಶತಮಾನದಲ್ಲಿ ಹೊನ್ನಾವರ, ಬಾರಕೂರು, ಮಂಗಳೂರು ನೋಡಿದ ಇಬ್ನ್ ಬತೂತ, ಚೀನಾದ ಹಡಗುಗಳು ಕಲ್ಲಿಕೋಟೆ ಬಂದರಿನಲ್ಲಿ ನಿಂತದ್ದನ್ನು ವರ್ಣಿಸಿದ್ದಾನೆ, ಚೀನಾದ ಪಿಂಗಾಣಿ ಹಿಂದೂಸ್ತಾನಕ್ಕೆ ರವಾನೆಯಾಗುತ್ತದೆ ಎಂದೂ ಬರೆದಿದ್ದಾನೆ. ಹಂಪೆಯ ಉತ್ಖನನದಲ್ಲಿ ಚೀನೀ ಪಿಂಗಾಣಿಯ ಚೂರುಗಳು ಸಿಕ್ಕಿವೆ. ನಗರದ ಈಶಾನ್ಯ ಮೂಲೆಯಲ್ಲಿದ್ದ ಮುಸ್ಲಿಂ ಬಡಾವಣೆಯಲ್ಲಿ ಸಿಕ್ಕ ನಯವಾದ ಚೂರುಗಳನ್ನು ನೋಡಿ, ಅಲ್ಲಿ ಸಿರಿವಂತ ವರ್ತಕರು ಇದ್ದಿರಬೇಕು ಎಂದು ಪುರಾತತ್ವಜ್ಞರು ಊಹಿಸುತ್ತಾರೆ. ವಿಜಯಪುರದ ಗೋಳಗುಮ್ಮಟದ ಮುಂದಿನ ವಸ್ತುಸಂಗ್ರಹಾಲಯದಲ್ಲಿ ಚೀನೀ ಪಿಂಗಾಣಿಯನ್ನು ಇವತ್ತಿಗೂ ನೋಡಬಹುದು. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ಮೇಷ್ಟ್ರುಗಳು ಗುಮ್ಮಟದಲ್ಲಿ ಕೂಗಿಸಿ ಪ್ರತಿಧ್ವನಿ ಕೇಳಿಸಿ ಹಿಂತಿರುಗುತ್ತಾರೆ. ದಯವಿಟ್ಟು ಆ ಕೊಠಡಿಗೂ ಕರೆದೊಯ್ಯಿರಿ. ಸುಲ್ತಾನರು ಹಸಿರು ಮೆರುಗಿನ ಚೀನೀ ತಟ್ಟೆಗಳನ್ನು ಬಯಸಲು ಇನ್ನೊಂದು ಕಾರಣವೂ ಇತ್ತು. ವಿಷ ಬೆರೆತ ಅನ್ನ ಬಡಿಸಿದರೆ ಅಂಥ ತಟ್ಟೆ ಬಿರಿಯುತ್ತದೆ ಎಂಬ ನಂಬಿಕೆ ಆಗ ಹರಡಿತ್ತು. ಚೀನಾದಲ್ಲಿ ಟೀಗೆ ಒದಗಿದ ಕಲೆ ನಮ್ಮ ದೊರೆಗಳಿಗೆ ಪ್ರಾಣ ಕಾಯುವ ಸಾಧನವಾಗಿ ಕಂಡಿತು.

ಇಲ್ಲಿಗೆ ಹತ್ತಿರದ ಸಂಗತಿ ಎಂದೆನಲ್ಲ, ಅದು ಶ್ರೀರಂಗಪಟ್ಟಣದ್ದು. ಟಿಪ್ಪು ಸುಲ್ತಾನನ ರಾಯಭಾರಿಗಳು ಮೂವರು 1788ರ ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ 16ನೇ ಲೂಯಿಯನ್ನು ಕಂಡರು. ಅವರಿಗೆ ಬೇಕಾಗಿದ್ದದ್ದು ಸೈನ್ಯದ ನೆರವು. ಅದು ಸಿಗಲಿಲ್ಲ. ಸಿಕ್ಕಿದ ಉಡುಗೊರೆಗಳಲ್ಲಿ ಸೆವ್ರ್ ಕಾರ್ಖಾನೆಯ ಪಿಂಗಾಣಿ ಇತ್ತು. ಆ ಕಾರ್ಖಾನೆಯ ಹಿಂದೆ ಒಂದು ದೊಡ್ಡ ಕಥೆ ಇದೆ. ಚೀನಾದ ಪಿಂಗಾಣಿಯ ಗುಟ್ಟು ಯುರೋಪಿಗೆ ನೂರಾರು ವರ್ಷ ಸಿಕ್ಕಿರಲಿಲ್ಲ. 1710ರಲ್ಲಿ ಜರ್ಮನಿಯ ಮೈಸೆನ್‌ನಲ್ಲಿ ಮೊದಲ ಕಾರ್ಖಾನೆ ಶುರುವಾಯಿತು. ಜಿಂಗ್‌ಡೆಝೆನ್‌ನಲ್ಲಿದ್ದ ಫ್ರೆಂಚ್ ಪಾದ್ರಿ ದಾಂತ್ರಕೋಲ್ 1712 ಮತ್ತು 1722ರಲ್ಲಿ ಬರೆದ ಪತ್ರಗಳಿಂದ ಬಿಳಿ ಮಣ್ಣು, ಕಲ್ಲಿನ ಪುಡಿ, ಬೆಂಕಿಯ ವಿವರ ಫ್ರಾನ್ಸಿಗೆ ತಿಳಿಯಿತು. ಟಿಪ್ಪುವಿಗೆ ಬರೀ ಪಾತ್ರೆ ಸಾಕಾಗಿರಲಿಲ್ಲ, ಕಸುಬುದಾರರನ್ನೇ ಕಳಿಸಿ ಎಂದು ಫ್ರಾನ್ಸಿಗೆ ಕೇಳಿಕೊಂಡಿದ್ದ. ಬೇರೆ ದೇಶದ ವಸ್ತುವನ್ನು ಕೊಳ್ಳುವುದಕ್ಕಿಂತ ಅದನ್ನು ಇಲ್ಲೇ ಮಾಡುವುದನ್ನು ಕಲಿಯಬೇಕೆಂಬ ಆ ಹಂಬಲ ದೊಡ್ಡದು. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಅರಮನೆಯಲ್ಲಿ ಸಿಕ್ಕ ಪಿಂಗಾಣಿ ಮತ್ತು ಗಾಜಿನ ಸಾಮಾನು ಒಂದು ದೊಡ್ಡ ಮಳಿಗೆಗೆ ಸಾಕಾಗುವಷ್ಟಿತ್ತು ಎಂದು ಲೂಟಿ ಹಂಚಿಕೆಗೆ ನೇಮಕವಾಗಿದ್ದ ಇಂಗ್ಲಿಷ್ ಅಧಿಕಾರಿಯೊಬ್ಬ ಬರೆದಿದ್ದಾನೆ. ಕಾವೇರಿ ದಂಡೆಯ ಮೇಲೆ ಅಷ್ಟೊಂದು ಬಟ್ಟಲುಗಳಿದ್ದವು. ಸುತ್ತಲಿನ ಹಳ್ಳಿಗಳಲ್ಲಿ ಟೀ ಎಂದರೇನೆಂದು ಇನ್ನೂ ಯಾರಿಗೂ ಗೊತ್ತಿರಲಿಲ್ಲ.

ಆ ಹೊತ್ತಿಗೆ ಯುರೋಪಿಗೆ ಟೀ ಹುಚ್ಚು ಹಿಡಿದಿತ್ತು. ಟೀಯೂ ಪಿಂಗಾಣಿಯೂ ಒಂದೇ ಹಡಗಿನಲ್ಲಿ ಹೋಗುತ್ತಿದ್ದವು. ಪಿಂಗಾಣಿ ನೀರಿಗೆ ಹೆದರುವುದಿಲ್ಲ, ಭಾರವೂ ಹೌದು, ಆದ್ದರಿಂದ ಅದನ್ನು ತಳದಲ್ಲಿಟ್ಟು ಮೇಲೆ ಟೀ ಪೆಟ್ಟಿಗೆ ಪೇರಿಸುತ್ತಿದ್ದರು. 1752ರಲ್ಲಿ ಮುಳುಗಿದ ಡಚ್ಚರ ಗೆಲ್ಡರ್‌ಮಾಲ್ಸೆನ್ ಹಡಗಿನ ಟೀ ಕೊಳೆತುಹೋಯಿತು. ಅದರ ಕೆಳಗಿದ್ದ ಬಟ್ಟಲು ತಟ್ಟೆಗಳು 1985ರಲ್ಲಿ ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ಮೇಲೆ ಬಂದವು. ಯುರೋಪಿನವರ ಬೇಡಿಕೆಗೆ ತಕ್ಕಂತೆ ಚೀನೀ ಬಟ್ಟಲಿಗೆ ಕಿವಿ ಬಂತು. ಚೀನೀಯರ ಟೀ ಬಟ್ಟಲಿಗೆ ಹಿಡಿ ಇರಲಿಲ್ಲ, ಎರಡು ಕೈಯಲ್ಲಿ ಹಿಡಿದು ಕುಡಿಯುವ ಪಾತ್ರೆ ಅದು. ಬಟ್ಟಲ ಕೆಳಗಿನ ತಟ್ಟೆ ಮಾತ್ರ ಚೀನಾದ್ದೇ. ಬಿಸಿ ಬಟ್ಟಲು ಬೆರಳು ಸುಡದಂತೆ 8ನೇ ಶತಮಾನದಲ್ಲಿ ಅಧಿಕಾರಿಯೊಬ್ಬನ ಮಗಳು ಅದನ್ನು ಯೋಚಿಸಿ ಮಾಡಿಸಿದಳು ಎಂಬ ಕಥೆ ಅಲ್ಲಿದೆ. ಯುರೋಪಿನವರು ಟೀಯನ್ನು ಆ ತಟ್ಟೆಗೆ ಬಗ್ಗಿಸಿ ಕುಡಿದರು. ನಮ್ಮ ಹಳ್ಳಿಯ ಹಿರಿಯರು ಸಾಸರಿಗೆ ಹುಯ್ದುಕೊಂಡು ಊದಿ ಕುಡಿಯುವಾಗ ನಾಗರಿಕತೆ ತಿಳಿಯದವರು ಎಂದು ಓದಿದ ಮಕ್ಕಳು ಮುಖ ಸಿಂಡರಿಸುತ್ತಾರೆ. 18ನೇ ಶತಮಾನದ ಲಂಡನ್ನಿನ ದೊಡ್ಡ ಮನೆಗಳಲ್ಲಿ ಕುಡಿಯುತ್ತಿದ್ದದ್ದೂ ಹಾಗೆಯೇ.

ಟೀ ಎಲೆ ನಮ್ಮ ದೇಶದಲ್ಲಿ ಬೇರೂರಿದ್ದು 19ನೇ ಶತಮಾನದಲ್ಲಿ. ಅಸ್ಸಾಮಿನ ತೋಟಗಳು, ಆಮೇಲೆ ನೀಲಗಿರಿ, ನಮ್ಮಲ್ಲಿ ಚಿಕ್ಕಮಗಳೂರಿನ ಕೆಳಗೂರು, ಸಕಲೇಶಪುರದ ಕಡಮನೆ. ಮೊದಲು ಅದು ಬೆಳೆದದ್ದು ಇಂಗ್ಲೆಂಡಿನ ಬಾಯಿಗೆ. 1903ರಲ್ಲಿ ಟೀ ಮೇಲೆ ಸೆಸ್ ಹಾಕಿ, ಆ ಹಣದಲ್ಲಿ ಟೀ ಪ್ರಚಾರ ಮಾಡುವ ಏರ್ಪಾಡಾಯಿತು. ರೈಲ್ವೆ ನಿಲ್ದಾಣ, ಕಾರ್ಖಾನೆ, ಸಂತೆಗಳಲ್ಲಿ ಕುಡಿಸಿ ಅಭ್ಯಾಸ ಮಾಡಿಸಿದರು. ಬೆಂಗಳೂರು ಮೈಸೂರು ರೈಲು ದಾರಿ 1880ರ ದಶಕದ ಮೊದಲಲ್ಲೇ ಈ ಸೀಮೆಯನ್ನು ಹಾದಿತ್ತು. ಆದರೂ ನಮ್ಮದು ಕಾಫಿಯ ಸೀಮೆ, ಟೀ ನಿಧಾನವಾಗಿ ಬಂತು. ಬಂದ ಮೇಲೆ ಅದು ನಮ್ಮದಾಯಿತು. ಹೇಗೆಂದರೆ, 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾಯಿತು, ಮುಂದೆ ಪಕ್ಕದ ಗೆಜ್ಜಲಗೆರೆಯಲ್ಲಿ ಹಾಲಿನ ಡೇರಿ ಎದ್ದಿತು. 1930ರ ದಶಕದಲ್ಲೇ ಅಸ್ಸಾಮಿನಲ್ಲಿ ಎಲೆಯನ್ನು ಜಜ್ಜಿ, ಹರಿದು, ಉಂಡೆಗಟ್ಟಿಸುವ ಸಿಟಿಸಿ ಯಂತ್ರ ಬಂತು. ಅದರ ಪುಡಿ ಅಗ್ಗ, ಬೇಗ ಬಣ್ಣ ಬಿಡುತ್ತದೆ, ಹಾಲು ಎಷ್ಟು ಹಾಕಿದರೂ ಖಾರ ತಗ್ಗುವುದಿಲ್ಲ. ನಿಮ್ಮ ಕೈಯ ಟೀಯಲ್ಲಿ ಹಾಲು ಈ ಊರಿನದು, ಸಿಹಿ ಈ ಊರಿನದು, ಪುಡಿ ಒಂದೇ ಪರಸ್ಥಳದ್ದು. ಆಲೆಮನೆಯ ಸೀಮೆಯಾದ್ದರಿಂದ ಮನೆಯಲ್ಲಿ ಬೆಲ್ಲದ ಟೀ. ಹಾಲು ಕುದಿಯುವಾಗ ಬೆಲ್ಲ ಹಾಕಿದರೆ ಒಡೆಯುತ್ತದೆ ಎಂದು ಇಲ್ಲಿನ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೆಲ್ಲ, ಪುಡಿ, ಶುಂಠಿ ಮೊದಲು ಕುದಿಯಬೇಕು, ಒಲೆಯಿಂದ ಇಳಿಸಿದ ಮೇಲೆ ಕಾಯಿಸಿದ ಹಾಲು ಬೀಳಬೇಕು. ಕಡೆಯುವ ಟೀಗೆ ಕಪ್ಪು ಬಟ್ಟಲು ಹುಡುಕಿದ ಚೀನೀಯರ ಜಾಣ್ಮೆಗೆ ಈ ಜಾಣ್ಮೆ ಏನೂ ಕಡಿಮೆಯಲ್ಲ.

ಪಾತ್ರೆಯೂ ಟೀಗೆ ತಕ್ಕಂತೆಯೇ ಸಿಕ್ಕಿತು. ಹೆದ್ದಾರಿ ಬದಿಯ ಅಂಗಡಿಯ ಗ್ಲಾಸನ್ನು ನೋಡಿ. ಚಿಕ್ಕದು, ತಳ ದಪ್ಪ, ಮೈಮೇಲೆ ಉದ್ದುದ್ದ ಗೆರೆ. ಗೆರೆಯಿಂದಾಗಿ ಒದ್ದೆ ಕೈಯಲ್ಲೂ ಜಾರುವುದಿಲ್ಲ, ಬೆರಳಿಗೆ ಇಡೀ ಶಾಖ ತಗಲುವುದಿಲ್ಲ. ಅಂಚನ್ನು ಹೆಬ್ಬೆರಳು ನಡುಬೆರಳಲ್ಲಿ ಹಿಡಿದು ಎತ್ತುತ್ತೇವೆ. ಟೀ ಸ್ಟ್ರಾಂಗೋ ಲೈಟೋ ಎಂದು ಕುಡಿಯುವ ಮೊದಲೇ ಕಣ್ಣಿಗೆ ಗೊತ್ತಾಗುತ್ತದೆ. ಟೀಯ ಬಣ್ಣ ಸರಿಯಾಗಿ ಕಾಣಬೇಕು ಎಂದು ಬಟ್ಟಲು ಆರಿಸಿದ ಲು ಯು ಇದನ್ನು ಕಂಡಿದ್ದರೆ ಒಪ್ಪುತ್ತಿದ್ದ ಎಂದು ನನಗೆ ಅನಿಸುತ್ತದೆ.

ಈಗ ಹೇಳಲೇಬೇಕಾದ ಮಾತಿಗೆ ಬರುತ್ತೇನೆ. ನಮ್ಮ ನಾಡಿನಲ್ಲಿ ಪಾತ್ರೆಯನ್ನು ನಿರ್ಧರಿಸಿದ್ದು ಟೀಯ ಹದವೊಂದೇ ಅಲ್ಲ, ಎಂಜಲು ಮತ್ತು ಜಾತಿ ಕೂಡ.

ಕುಂಬಾರನ ಮಡಕೆ ಎಂಟುನೂರು ಒಂಬೈನೂರು ಡಿಗ್ರಿಯಲ್ಲಿ ಬೇಯುತ್ತದೆ, ಅದರ ಮೈ ನೀರು ಹೀರುತ್ತದೆ. ಹೀರಿದ ಮೇಲೆ ಶುದ್ಧವಾಗದು, ಒಬ್ಬರು ಬಾಯಿಟ್ಟರೆ ಬಿಸಾಡಬೇಕು ಎಂಬುದು ಮಡಿಯ ಲೆಕ್ಕ. ಹಿತ್ತಾಳೆ ಕಂಚನ್ನು ಹುಣಿಸೆ ಬೂದಿಯಲ್ಲಿ ಉಜ್ಜಿದರೆ ಶುದ್ಧ. ಪಿಂಗಾಣಿ ಈ ಲೆಕ್ಕಕ್ಕೆ ಸಿಗುವುದಿಲ್ಲ. ಅದು ಮಣ್ಣೇ, ಆದರೆ 1300 ಡಿಗ್ರಿಯಲ್ಲಿ ಗಾಜಿನಂತೆ ಬೆಸೆದು ಒಂದು ಹನಿಯನ್ನೂ ಹೀರುವುದಿಲ್ಲ. ಶುದ್ಧಿಯೇ ಮುಖ್ಯವಾಗಿದ್ದರೆ ಇದಕ್ಕಿಂತ ಒಳ್ಳೆಯ ಪಾತ್ರೆ ಇನ್ನೊಂದಿರಲಿಲ್ಲ. ಮೆರುಗಿನ ಜಾಡಿಯಲ್ಲಿ ಉಪ್ಪಿನಕಾಯಿ ಹಾಕಿಟ್ಟವರೇ ಪಿಂಗಾಣಿ ಕಪ್ಪನ್ನು ಅಡುಗೆಮನೆಗೆ ಸೇರಿಸಲಿಲ್ಲ. ಜಾಡಿಗೆ ಯಾರೂ ಬಾಯಿ ಇಡುವುದಿಲ್ಲ, ಕಪ್ಪಿಗೆ ಇಡುತ್ತಾರೆ. ನಮ್ಮ ಕಾಫಿ ಲೋಟದ ಅಂಚು ಹೊರಕ್ಕೆ ಬಾಗಿರುವುದರಿಂದ ಎತ್ತಿ ಹುಯ್ದುಕೊಂಡು ಕುಡಿಯಲು ಅನುಕೂಲ, ತುಟಿ ತಗಲಬೇಕಿಲ್ಲ. ಚೀನೀಯರು ಬಟ್ಟಲಿನ ಅಂಚನ್ನು ತುಟಿಗೆ ಹಿತವಾಗಲಿ ಎಂದು ನಯ ಮಾಡಿದರು, ನಾವು ತುಟಿ ಮುಟ್ಟದಿರಲಿ ಎಂದು ಬಾಗಿಸಿದೆವು.

ಹೋಟೆಲು ಬಂದಾಗ ಈ ಲೆಕ್ಕ ಕ್ರೂರವಾಯಿತು. ಹಳ್ಳಿಯ ಟೀ ಅಂಗಡಿಯಲ್ಲಿ ಒಳಗೆ ಕೂತವರಿಗೆ ಒಂದು ಗ್ಲಾಸು, ಹೊರಗೆ ನಿಂತ ದಲಿತರಿಗೆ ಬೇರೆ ಗ್ಲಾಸು. ಎಷ್ಟೋ ಕಡೆ ಗ್ಲಾಸೂ ಇಲ್ಲ, ತೆಂಗಿನ ಚಿಪ್ಪು. ಗೋಡೆಯ ಗೂಡಿನಲ್ಲೋ ಸೂರಿನ ಸಂದಿನಲ್ಲೋ ಇಟ್ಟ ಗ್ಲಾಸನ್ನು ತಾವೇ ತೆಗೆದುಕೊಂಡು, ಮೇಲಿನಿಂದ ಹುಯ್ದ ಟೀ ಕುಡಿದು, ತಾವೇ ತೊಳೆದು ಅಲ್ಲೇ ಇಡಬೇಕು. ಕಾಸು ಮಾತ್ರ ಎಲ್ಲರದೂ ಒಂದೇ. ಸಂವಿಧಾನದ 15 ಮತ್ತು 17ನೇ ವಿಧಿಗಳು ಇದನ್ನು ನಿಷೇಧಿಸಿದವು, 1955ರ ಕಾನೂನು ಶಿಕ್ಷೆ ಇಟ್ಟಿತು, 1989ರ ಕಾನೂನು ಇನ್ನೂ ಬಿಗಿ ಮಾಡಿತು. ಆ ಗ್ಲಾಸಿನಲ್ಲಿ ಕುಡಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಹಳೆಯ ಕಥೆ ಎಂದು ಯಾರಾದರೂ ಹೇಳಬಹುದು. 2024ರ ನವೆಂಬರಿನಲ್ಲಿ ಇದೇ ಊರಿನ ಕಾಲಭೈರವೇಶ್ವರ ದೇವಸ್ಥಾನಕ್ಕೆ ದಲಿತರು ಕಾಲಿಟ್ಟಾಗ ಎದ್ದ ವಿರೋಧವನ್ನು ನಾಡೆಲ್ಲ ಪತ್ರಿಕೆಯಲ್ಲಿ ಓದಿತು. ನಿಮ್ಮ ಮುಂದೆ ನಿಂತು ಅದನ್ನು ಬಿಟ್ಟು ಟೀ ಬಟ್ಟಲಿನ ಅಂದವನ್ನಷ್ಟೇ ಹೊಗಳಿ ಹೋಗುವುದು ನನ್ನಿಂದಾಗದು.

ಕಾಗದದ ಲೋಟ ಬಂದು ಈ ಭೇದವನ್ನು ಅಳಿಸಿತು ಎಂದು ಕೆಲವರು ಹೇಳುತ್ತಾರೆ. ನಾನು ಅಷ್ಟು ಸುಲಭಕ್ಕೆ ಒಪ್ಪಲಾರೆ. ಎಲ್ಲರಿಗೂ ಕಾಗದದ್ದೇ ಕೊಟ್ಟರೆ ಪ್ರಶ್ನೆ ಮುಚ್ಚಿಹೋಗುತ್ತದೆ, ಉತ್ತರ ಸಿಗುವುದಿಲ್ಲ. ಕೆಲವರಿಗೆ ಗಾಜು, ಕೆಲವರಿಗೆ ಕಾಗದ ಎಂದಾದರೆ ಹಳೆಯ ಚಿಪ್ಪೇ ಹೊಸ ರೂಪದಲ್ಲಿ ಬಂದಂತೆ. ತೊಳೆದ ಗಾಜಿನ ಗ್ಲಾಸು ಎಲ್ಲರ ಕೈಗೂ ಸರದಿಯಂತೆ ಹೋಗುವ ಅಂಗಡಿಯೇ ನನಗೆ ಬೇಕು. ನನ್ನ ತುಟಿ ತಗಲಿದ ಅಂಚಿಗೆ ನಾಳೆ ಇನ್ನೊಬ್ಬರ ತುಟಿ ತಗಲುತ್ತದೆ ಎಂಬ ಒಪ್ಪಿಗೆ ಅಲ್ಲಿದೆ.

ಹಳೆಯ ಪಾತ್ರೆಗಳನ್ನು ಕೂಡಿಡುವ ಆಸಕ್ತಿ ಈಗ ನಮ್ಮ ಶಾಲೆಗಳಲ್ಲೂ ಬಂದಿದೆ. ಬೀಸುಕಲ್ಲು, ಸೇರು, ಪಾವು, ಕೊಳಗ ತಂದು ಜೋಡಿಸುತ್ತಾರೆ. ಅವುಗಳ ಪಕ್ಕದಲ್ಲಿ ಮನೆಯ ಪಿಂಗಾಣಿ ಜಾಡಿ, ಬಿರುಕು ಬಿಟ್ಟ ಕಪ್-ಸಾಸರು, ಅಂಗಡಿಯ ಗೆರೆ ಗ್ಲಾಸು ಇಡಿ. ಒಂದು ತೆಂಗಿನ ಚಿಪ್ಪನ್ನೂ ಇಡಿ. ಪ್ರತಿಯೊಂದರ ಮುಂದೆ ಒಂದು ಚೀಟಿ: ಎಲ್ಲಿಂದ ಬಂತು, ಇದರಲ್ಲಿ ಏನು ಕುಡಿದರು, ಯಾರು ಕುಡಿದರು, ಯಾರಿಗೆ ಇದನ್ನು ಮುಟ್ಟಲು ಬಿಡಲಿಲ್ಲ. ಕೊನೆಯ ಎರಡು ಸಾಲನ್ನು ಮಕ್ಕಳು ತಾವೇ ಊಹಿಸಿ ಬರೆಯಬಾರದು, ಕುಡಿದವರನ್ನೇ ಕೇಳಿ ಬರೆಯಬೇಕು. ಅವರಿಗೆ ವಯಸ್ಸಾಗುತ್ತಿದೆ.

ದತ್ತಿಯ ಹಿರಿಯರಲ್ಲಿ ನನ್ನದೊಂದು ಬೇಡಿಕೆ ಇದೆ. ಮುಂದಿನ ವರ್ಷದ ಈ ಉಪನ್ಯಾಸಕ್ಕೆ ನನ್ನಂತೆ ಪುಸ್ತಕ ಓದಿದವರನ್ನು ಕರೆಯಬೇಡಿ. ಟೀ ಅಂಗಡಿಯ ಹೊರಗೆ ನಿಂತು ಬೇರೆ ಗ್ಲಾಸಿನಲ್ಲಿ ಕುಡಿದ ಹಿರಿಯರೊಬ್ಬರನ್ನು ಈ ಸೀಮೆಯಿಂದಲೇ ಕರೆಯಿರಿ, ಇದೇ ವೇದಿಕೆಯಲ್ಲಿ ಕೂರಿಸಿ, ಅವರು ಹೇಳಿದ್ದನ್ನು ಹೇಳಿದಂತೆಯೇ ಅಚ್ಚು ಹಾಕಿಸಿ.